ಪ್ರಶ್ನೆ ನಿಮ್ಮದು: ಚುಕ್ಕಿ ಸಿಕ್ಕಿತು, ಹೆಸರು ಯಾವಾಗ?

ಸಿಂದಗಿಯ ಹುಡುಗಿಯೊಬ್ಬಳ ಪತ್ರಕ್ಕೆ ಈ ಸಲ ಉತ್ತರ ಕೊಡುತ್ತೇನೆ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಅದನ್ನು ಓದಿದವರೆಲ್ಲ ಕ್ಷುದ್ರಗ್ರಹದ, ಅಂದರೆ ಗ್ರಹಗಳ ಹಾಗೆ ಸೂರ್ಯನನ್ನು ಸುತ್ತುವ ಕಲ್ಲುಗಳ ಬಗ್ಗೆಯೇ ಬರೆದಿದ್ದಾರೆ. ಗ್ರಹಣ, ಉಲ್ಕೆ, ಹಾರುವ ತಟ್ಟೆ ಎಲ್ಲ ಮುಂದಿನ ತಿಂಗಳಿಗೆ. ಈ ತಿಂಗಳು ಪೂರ್ತಿ ಪುಟ ಕಲ್ಲುಗಳಿಗೆ.

ಸಿಂದಗಿಯ ಪಿಯುಸಿ ವಿದ್ಯಾರ್ಥಿನಿ: ಸರ್, ಕಾಲೇಜಿನಿಂದ ಆನ್‌ಲೈನ್ ಕ್ಷುದ್ರಗ್ರಹ ಹುಡುಕಾಟಕ್ಕೆ ಸೇರಿದ್ದೆ. ನಾಲ್ಕು ಫೋಟೋಗಳಲ್ಲಿ ಸರಿಯುವ ಚುಕ್ಕಿಯನ್ನು ಗುರುತಿಸಿ ಕಳಿಸಿದೆ. ‘ಪ್ರಾಥಮಿಕ ಪತ್ತೆ’ ಅಂತ ಸರ್ಟಿಫಿಕೇಟ್ ಬಂತು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದರು. ಅದಕ್ಕೆ ನಮ್ಮ ಅಜ್ಜಿಯ ಹೆಸರು ಇಡಬೇಕು. ಅರ್ಜಿ ಎಲ್ಲಿ ಹಾಕಬೇಕು?

ಪೇಡೆ ಹಂಚಿದ್ದು ಸರಿಯಾಗಿಯೇ ಇದೆ ತಂಗಿ. ಅರ್ಜಿ ಮಾತ್ರ ಈಗ ಬೇಡ.

ನೀನು ಮಾಡಿದ್ದೇನು ಅಂತ ಮೊದಲು ನೋಡೋಣ. ಇಂಥ ಹುಡುಕಾಟಗಳಿಗೆ ಫೋಟೋಗಳು ಹೆಚ್ಚಾಗಿ ಹವಾಯಿ ದ್ವೀಪಗಳ ಹಾಲೆಯಾಕಲಾ ಬೆಟ್ಟದಿಂದ ಬರುತ್ತವೆ. ಅಲ್ಲಿ ಪ್ಯಾನ್-ಸ್ಟಾರ್ಸ್ ಎಂಬ ದೂರದರ್ಶಕ ಇದೆ, ಕನ್ನಡಿಯ ಅಗಲ 1.8 ಮೀಟರ್. ಆಕಾಶದ ಒಂದೇ ಜಾಗವನ್ನು ಅದು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ನಾಲ್ಕು ಸಲ ಸೆರೆಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಆ ನಾಲ್ಕನ್ನೂ ಒಂದಾದ ಮೇಲೊಂದು ಮಿಣುಕಿಸಿದರೆ ನಕ್ಷತ್ರಗಳು ಕದಲುವುದಿಲ್ಲ. ಕಲ್ಲು ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಮಂಗಳ ಮತ್ತು ಗುರುವಿನ ನಡುವಿನ ಮುಖ್ಯ ಪಟ್ಟಿಯ ಕಲ್ಲಾದರೆ ಒಂದು ಗಂಟೆಯಲ್ಲಿ ಸರಿಯುವುದು ಚಂದ್ರನ ಅಗಲದ ಸುಮಾರು ಐವತ್ತರಲ್ಲಿ ಒಂದು ಪಾಲು. ಅಷ್ಟನ್ನು ನೀನು ಹಿಡಿದಿದ್ದೀಯ. ಕಣ್ಣು ಚುರುಕಾಗಿದೆ.

ಆದರೆ ಒಂದು ಗಂಟೆಯ ನಾಲ್ಕು ಗುರುತು ಇಟ್ಟುಕೊಂಡು ಅದು ಮುಂದಿನ ತಿಂಗಳು ಎಲ್ಲಿರುತ್ತದೆ ಅಂತ ಯಾರೂ ಹೇಳಲಾರರು. ಹತ್ತಿರದ ಕಲ್ಲು ಓರೆಯಾಗಿ ನಮ್ಮ ಕಡೆ ಬರುತ್ತಿದ್ದರೂ ಹಾಗೇ ಕಾಣಬಹುದು, ದೂರದ ಕಲ್ಲು ಅಡ್ಡಡ್ಡ ಹೋಗುತ್ತಿದ್ದರೂ ಹಾಗೇ ಕಾಣಬಹುದು. ಅದಕ್ಕೇ ‘ಪ್ರಾಥಮಿಕ’ ಅಂತ ಬರೆದಿದ್ದಾರೆ. ಒಂದೇ ರಾತ್ರಿ ಕಂಡದ್ದಕ್ಕೆ ಪತ್ತೆಯ ಪಟ್ಟ ಸಿಗುವುದಿಲ್ಲ. ಕೆಲವು ದಿನಗಳ ಒಳಗೆ ಇನ್ನೊಂದು ರಾತ್ರಿಯಾದರೂ ಅದೇ ಕಲ್ಲು ಕಾಣಬೇಕು. ಇದು ನಾವು ಮೊದಲೇ ಬಲ್ಲ ಕಲ್ಲಲ್ಲ ಎಂಬುದೂ ಖಚಿತವಾಗಬೇಕು. ಆಗ ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರ್ ಅದಕ್ಕೊಂದು ತಾತ್ಕಾಲಿಕ ಗುರುತು ಕೊಡುತ್ತದೆ. ಜಗತ್ತಿನ ಎಲ್ಲ ವೀಕ್ಷಣಾಲಯಗಳ ಲೆಕ್ಕವೂ ಹೋಗಿ ಸೇರುವುದು ಅಲ್ಲಿಗೇ.

ಆಮೇಲೆ ಶುರುವಾಗುವುದು ಕಾಯುವ ಕೆಲಸ. ಕಲ್ಲು ಸೂರ್ಯನ ಹಿಂದೆ ಹೋಗುತ್ತದೆ, ತಿಂಗಳುಗಟ್ಟಲೆ ಕಾಣುವುದಿಲ್ಲ. ನಮ್ಮಿಂದ ನೋಡಿದರೆ ಸೂರ್ಯನಿಗೆ ಸರಿಯಾಗಿ ಎದುರು ಬದಿಗೆ ಅದು ಬರುವುದು ಸುಮಾರು 15ರಿಂದ 17 ತಿಂಗಳಿಗೊಮ್ಮೆ. ಬಂದಾಗ ಲೆಕ್ಕ ಹಾಕಿದ ಜಾಗದಲ್ಲೇ ಸಿಗಬೇಕು. ಸಾಮಾನ್ಯವಾಗಿ ಹೀಗೆ ನಾಲ್ಕು ಸಲ ಸಿಕ್ಕ ಮೇಲೆ ಕಕ್ಷೆ ಗಟ್ಟಿಯಾಯಿತು ಅಂತ ಒಪ್ಪಿ ಕಾಯಂ ನಂಬರ್ ಕೊಡುತ್ತಾರೆ. ಯಾರದೋ ಹಳೆಯ ಫೋಟೋದಲ್ಲಿ ಅದೇ ಕಲ್ಲು ಸಿಕ್ಕಿಬಿಟ್ಟರೆ ಬೇಗ ಆಗುತ್ತದೆ, ಇಲ್ಲವಾದರೆ ಐದಾರು ವರ್ಷ ಸುಮ್ನೆ ಹೋಗುತ್ತದೆ. ಪತ್ತೆ ಯಾರದ್ದು ಅನ್ನುವ ತೀರ್ಮಾನವೂ ನಂಬರ್ ಕೊಡುವಾಗಲೇ. ನಂಬರ್ ಬಂದ ದಿನದಿಂದ 10 ವರ್ಷ ಹೆಸರು ಸೂಚಿಸುವ ಹಕ್ಕು ಪತ್ತೆ ಮಾಡಿದವರಿಗೆ ಇರುತ್ತದೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಹೆಸರಿನ ಸಮಿತಿ ಒಪ್ಪಿದರೆ ಆಯಿತು.

ಅಜ್ಜಿಯ ಹೆಸರಿಗೆ ಅಡ್ಡಿ ಏನಿಲ್ಲ. ಹೆಂಡತಿ, ತಾಯಿ, ಮಕ್ಕಳ ಹೆಸರು ಇಟ್ಟವರು ಬೇಕಾದಷ್ಟು ಜನ ಇದ್ದಾರೆ. ತಮ್ಮ ಹೆಸರು ತಾವೇ ಇಟ್ಟುಕೊಳ್ಳುವಂತಿಲ್ಲ, ಅಷ್ಟೇ.

ತಡವಾಯಿತು ಅಂತ ಬೇಸರ ಬೇಡ. 1981ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಸೈಡಿಂಗ್ ಸ್ಪ್ರಿಂಗ್‌ನಲ್ಲಿ ಶೆಲ್ಟ್ ಬಸ್ ಎಂಬವರು ಮುಖ್ಯ ಪಟ್ಟಿಯ ಒಂದು ಸಣ್ಣ ಕಲ್ಲು ಪತ್ತೆ ಮಾಡಿದರು. ನಂಬರ್ 52246. ಅದಕ್ಕೆ ಹೆಸರು ಬಂದದ್ದು 2015ರಲ್ಲಿ. ಅದೂ ನಾಸಾದ ‘ಲೂಸಿ’ ನೌಕೆ ಆ ದಾರಿಯಲ್ಲಿ ಹೋಗುತ್ತದೆ ಅಂತ ಗೊತ್ತಾದ ಮೇಲೆ. ಇಥಿಯೋಪಿಯಾದಲ್ಲಿ ‘ಲೂಸಿ’ ಎಂಬ ಪುರಾತನ ಎಲುಬುಗೂಡನ್ನು ಕಂಡುಹಿಡಿದ ಡೊನಾಲ್ಡ್ ಜೋಹಾನ್ಸನ್ ಅವರ ಹೆಸರು ಇಟ್ಟರು. 2025ರ ಏಪ್ರಿಲ್ 20ರಂದು ನೌಕೆ ಹತ್ತಿರದಿಂದ ಫೋಟೋ ತೆಗೆಯಿತು. ಸುಮಾರು 8 ಕಿಲೋಮೀಟರ್ ಉದ್ದ, ನಡು ಸಣ್ಣ, ಎರಡು ಕಲ್ಲು ಅಂಟಿಕೊಂಡ ಹಾಗೆ.

ಮುಧೋಳದ ಗಣಿತ ಶಿಕ್ಷಕರು: ಕನಿಷ್ಠ ಎಷ್ಟು ಸಲ ಕಂಡರೆ ಕಕ್ಷೆ ತೆಗೆಯಬಹುದು? ಗಣಿತಜ್ಞ ಗಾಸ್ ಮೂರೇ ಸಲ ಕಂಡದ್ದರಲ್ಲಿ ತೆಗೆದ ಎನ್ನುತ್ತಾರೆ, ನಿಜವೇ?

ನಿಜ. ಈ ಪುಟದಲ್ಲಿ ನನಗೆ ಅತಿ ಇಷ್ಟದ ಪ್ರಶ್ನೆ ಇದೇ, ಸ್ವಲ್ಪ ಉದ್ದ ಬರೆದರೆ ಸಂಪಾದಕರು ಕ್ಷಮಿಸಲಿ.

ಒಂದು ಕಕ್ಷೆಯನ್ನು ಪೂರ್ತಿ ಹೇಳಲು ಆರು ಸಂಖ್ಯೆ ಬೇಕು. ಎಷ್ಟು ದೊಡ್ಡದು, ಎಷ್ಟು ಚಪ್ಪಟೆ, ಭೂಮಿಯ ಕಕ್ಷೆಗೆ ಎಷ್ಟು ವಾಲಿದೆ, ವಾಲಿದ್ದು ಯಾವ ದಿಕ್ಕಿಗೆ, ಸೂರ್ಯನಿಗೆ ಅತಿ ಹತ್ತಿರದ ತುದಿ ಎತ್ತ ಇದೆ, ಇಂಥ ದಿನ ಕಲ್ಲು ಆ ದಾರಿಯಲ್ಲಿ ಎಲ್ಲಿತ್ತು. ನಾವು ಆಕಾಶದಲ್ಲಿ ಒಂದು ಸಲ ನೋಡಿದರೆ ಸಿಗುವುದು ಎರಡು ಸಂಖ್ಯೆ, ಭೂಪಟದ ಅಕ್ಷಾಂಶ ರೇಖಾಂಶ ಇದ್ದ ಹಾಗೆ. ದೂರ ಸಿಗುವುದಿಲ್ಲ. ಮೂರು ಸಲ ನೋಡಿದರೆ ಆರು ಸಂಖ್ಯೆ. ಆರಕ್ಕೆ ಆರು. ಕಾಗದದ ಮೇಲೆ ಸರಿಹೋಯಿತು. ಮಾಡಲು ಹೋದರೆ ಬೆವರು ಇಳಿಯುತ್ತದೆ, ಯಾಕೆಂದರೆ ನೋಡುವ ನಾವೂ ಸುತ್ತುವ ಭೂಮಿಯ ಮೇಲೇ ಇದ್ದೇವೆ.

1801ರ ಜನವರಿ 1ರ ರಾತ್ರಿ ಸಿಸಿಲಿಯ ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಜಿ ಎಂಬ ಪಾದ್ರಿ ನಕ್ಷತ್ರಗಳ ಪಟ್ಟಿ ಮಾಡುತ್ತಿದ್ದರು. ಪಟ್ಟಿಯಲ್ಲಿ ಇಲ್ಲದ ಒಂದು ಚುಕ್ಕಿ ಕಂಡಿತು. ಮರುದಿನ ಅದು ಜರುಗಿತ್ತು. ಫೆಬ್ರವರಿ 11ರವರೆಗೆ ಒಟ್ಟು 24 ಸಲ ಅಳತೆ ತೆಗೆದರು. ಆಮೇಲೆ ಅವರಿಗೆ ಕಾಯಿಲೆ, ಚುಕ್ಕಿಗೆ ಸೂರ್ಯನ ಬೆಳಕು ಅಡ್ಡ. ಯುರೋಪಿನ ಬೇರೆಯವರಿಗೆ ಪತ್ರ ತಲುಪಿ ಅವರು ದೂರದರ್ಶಕ ತಿರುಗಿಸುವಷ್ಟರಲ್ಲಿ ಅದು ಮಾಯ. ಸುತ್ತಿನ ಒಂದು ಚೂರು ಮಾತ್ರ ಕೈಯಲ್ಲಿತ್ತು. ಅದರಿಂದ ಹಾಕಿದ ಲೆಕ್ಕಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಆಗ ಗಾಸ್‌ಗೆ 24 ವರ್ಷ. ಪಿಯಾಜಿಯ ಅಳತೆಗಳಲ್ಲಿ ಮೂರನ್ನು ಆರಿಸಿಕೊಂಡು ಹೊಸ ವಿಧಾನದಲ್ಲಿ ಕಕ್ಷೆ ತೆಗೆದ. ಬೇರೆಯವರು ಹೇಳಿದ್ದಕ್ಕಿಂತ ಬಹಳ ಆಚೆಯ ಜಾಗ ತೋರಿಸಿದ. 1801ರ ಡಿಸೆಂಬರ್ 31ರಂದು ಜರ್ಮನಿಯಲ್ಲಿ ಫಾನ್ ಜಾಖ್ ಆ ಜಾಗದ ಹತ್ತಿರವೇ ಅದನ್ನು ಹಿಡಿದರು. ಮರುರಾತ್ರಿ ಓಲ್ಬರ್ಸ್ ಕೂಡ ನೋಡಿದರು. ಅದೇ ಸೀರಿಸ್, ನಂಬರ್ 1. ಪತ್ತೆ ಪಿಯಾಜಿಯದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಸ್ ಇಲ್ಲದಿದ್ದರೆ ಆ 24 ಅಳತೆ ಕಡತದಲ್ಲೇ ಉಳಿಯುತ್ತಿದ್ದವು. ನನ್ನನ್ನು ಕೇಳಿದರೆ ಕ್ಷುದ್ರಗ್ರಹ ನಿಜವಾಗಿ ಪತ್ತೆಯಾಗುವುದು ಮೊದಲ ಸಲ ಕಂಡಾಗ ಅಲ್ಲ, ಹೇಳಿದ ಜಾಗದಲ್ಲಿ ಎರಡನೇ ಸಲ ಸಿಕ್ಕಾಗ.

ನಿಮ್ಮ ತರಗತಿಗೆ ಒಂದು ಲೆಕ್ಕ ಕೊಡುತ್ತೇನೆ. ಭೂಮಿ–ಸೂರ್ಯರ ದೂರವನ್ನು 1 ಎಂದು ಹಿಡಿದರೆ ಸೀರಿಸ್‌ನ ಸರಾಸರಿ ದೂರ 2.77. ಕೆಪ್ಲರನ ನಿಯಮದ ಪ್ರಕಾರ ದೂರದ ಘನ ತೆಗೆದು ವರ್ಗಮೂಲ ತೆಗೆದರೆ ಸುತ್ತಿನ ಅವಧಿ ವರ್ಷದಲ್ಲಿ ಬರುತ್ತದೆ. 2.77ರ ಘನ ಸುಮಾರು 21.25, ಅದರ ವರ್ಗಮೂಲ 4.6. ಸೀರಿಸ್ ಒಂದು ಸುತ್ತು ಹಾಕಲು 4.6 ವರ್ಷ ತೆಗೆದುಕೊಳ್ಳುತ್ತದೆ, ಸರಿಯಾಗಿದೆ.

ಈಗ 2.5 ಹಾಕಿಸಿ. 3.95 ವರ್ಷ ಬರುತ್ತದೆ. ಗುರುವಿನ ಒಂದು ಸುತ್ತು 11.86 ವರ್ಷ. ಮೂರರಿಂದ ಭಾಗಿಸಿ ನೋಡಿ, ಅದೇ 3.95. ಅಂದರೆ 2.5ರ ದೂರದಲ್ಲಿರುವ ಕಲ್ಲು ಮೂರು ಸುತ್ತು ಹಾಕುವಷ್ಟರಲ್ಲಿ ಗುರು ಸರಿಯಾಗಿ ಒಂದು ಸುತ್ತು ಮುಗಿಸಿ ಮತ್ತೆ ಅದೇ ಜಾಗದಲ್ಲಿ ಎಳೆಯುತ್ತದೆ. ಪ್ರತಿ ಸಲವೂ ಎಳೆತ ಒಂದೇ ಕಡೆ. ಕಾಲ ಕಳೆದಂತೆ ಕಕ್ಷೆ ಉದ್ದುದ್ದ ಆಗಿ ಕಲ್ಲು ಅಲ್ಲಿಂದ ಜಾಗ ಖಾಲಿ ಮಾಡುತ್ತದೆ. ಹೀಗೆ ಮುಖ್ಯ ಪಟ್ಟಿಯಲ್ಲಿ 2.5ರ ಆಸುಪಾಸು ಕಲ್ಲುಗಳೇ ಇಲ್ಲದಂತಾಗಿದೆ. ಇಂಥ ಖಾಲಿ ಜಾಗಗಳನ್ನು 1866ರಲ್ಲಿ ಡೇನಿಯಲ್ ಕರ್ಕ್‌ವುಡ್ ಗಮನಿಸಿದರು. ಆಗ ಗೊತ್ತಿದ್ದ ಕ್ಷುದ್ರಗ್ರಹಗಳು ನೂರೂ ಇರಲಿಲ್ಲ! ಮಕ್ಕಳಿಗೆ 3.27ನ್ನೂ ಕೊಡಿ, ಗುರುವಿನ ಜೊತೆ ಅದರ ಸಂಬಂಧ ಏನು ಅಂತ ಅವರೇ ಹೇಳಲಿ.

ಬೆಳಗಾವಿ ಟಿಳಕವಾಡಿಯ ಓದುಗರು: ಸಿನಿಮಾದಲ್ಲಿ ರಾಕೆಟ್ ಕಲ್ಲುಗಳ ನಡುವೆ ಆ ಕಡೆ ಈ ಕಡೆ ವಾಲಿ ತಪ್ಪಿಸಿಕೊಂಡು ಹೋಗುತ್ತದೆ. ಮುಖ್ಯ ಪಟ್ಟಿ ನಿಜವಾಗಿ ಅಷ್ಟು ಕಿಕ್ಕಿರಿದಿದೆಯೇ?

ಇಲ್ಲವೇ ಇಲ್ಲ. ನಮ್ಮ ಮೂರು ಜಿಲ್ಲೆಗಳಲ್ಲೇ ಇದನ್ನು ಹರಡಿ ತೋರಿಸುತ್ತೇನೆ.

ಒಂದು ಕಿಲೋಮೀಟರ್ ಅಂದರೆ 20 ಲಕ್ಷ ಕಿಲೋಮೀಟರ್ ಎಂದು ಹಿಡಿಯಿರಿ. ಸೂರ್ಯನನ್ನು ವಿಜಯಪುರದ ಗೋಳಗುಮ್ಮಟದ ಜಾಗದಲ್ಲಿ ಇಡೋಣ. ಸೂರ್ಯನ ಅಗಲ ಸುಮಾರು 700 ಮೀಟರ್ ಆಗುತ್ತದೆ, ಗುಮ್ಮಟ, ತೋಟ, ಸುತ್ತಲಿನ ಓಣಿ ಎಲ್ಲ ಅದರೊಳಗೇ. ಭೂಮಿ ನೇರ ಗೆರೆಯಲ್ಲಿ 75 ಕಿಲೋಮೀಟರ್ ದೂರ, ಅಂದರೆ ನಮ್ಮ ಬಾಗಲಕೋಟೆಯ ಹತ್ತಿರ. ಅಗಲ ಆರೂವರೆ ಮೀಟರ್. ವೆಸ್ಟಾ ಎಂಬ ಕ್ಷುದ್ರಗ್ರಹ ನಿಮ್ಮ ಬೆಳಗಾವಿಯ ಆಸುಪಾಸು, ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಸೀರಿಸ್ ಚೋರ್ಲಾ ಘಾಟಿನ ಕಡೆ, ಅಗಲ ಒಂದು ಮೊಳ. ಇವೇ ಪಟ್ಟಿಯ ದೊಡ್ಡ ಕುಳಗಳು. ಮೇಲೆ ಹೇಳಿದ 8 ಕಿಲೋಮೀಟರ್ ಉದ್ದದ ಕಲ್ಲು ಇಲ್ಲಿ ಒಂದು ಜೋಳದ ಕಾಳು. ಪಟ್ಟಿಯಲ್ಲಿ ಕಲ್ಲಿನಿಂದ ಕಲ್ಲಿಗೆ ಸರಾಸರಿ ಅರ್ಧ ಕಿಲೋಮೀಟರ್ ಅಂತರ.

ಹಾಗಾಗಿ 1972–73ರಲ್ಲಿ ಪಯೋನಿಯರ್ 10 ಮೊದಲ ಸಲ ಈ ಪಟ್ಟಿ ದಾಟಿದಾಗ ಏನೂ ಆಗಲಿಲ್ಲ. ಆಮೇಲೆ ಹೋದವಕ್ಕೂ ಆಗಲಿಲ್ಲ. ಒಂದು ಕಲ್ಲನ್ನು ಹತ್ತಿರದಿಂದ ನೋಡಬೇಕೆಂದರೆ ಲೂಸಿಯ ಹಾಗೆ ಮೊದಲೇ ಗುರಿ ಇಟ್ಟು ಹೋಗಬೇಕು. ಅದಕ್ಕೆ ಕಕ್ಷೆ ಪಕ್ಕಾ ಗೊತ್ತಿರಬೇಕು.

ಇದು ಒಡೆದುಹೋದ ಗ್ರಹವೇ ಎಂದು ಮಹಾಲಿಂಗಪುರದಿಂದ ಕೇಳಿದ್ದಾರೆ. ಅಲ್ಲ. ಪಟ್ಟಿಯ ಎಲ್ಲ ಕಲ್ಲು ಕೂಡಿಸಿದರೂ ನಮ್ಮ ಚಂದ್ರನ ತೂಕದ ಸುಮಾರು 3% ಮಾತ್ರ ಆಗುತ್ತದೆ. ಅದರಲ್ಲೂ ಮೂರನೇ ಒಂದಕ್ಕಿಂತ ಹೆಚ್ಚು ಸೀರಿಸ್ ಒಂದರದ್ದೇ. ಗುರುವಿನ ಎಳೆತದಿಂದ ಇವು ಒಂದಾಗಿ ಗ್ರಹ ಆಗಲೇ ಇಲ್ಲ.

ಜಮಖಂಡಿಯ ನಿವೃತ್ತ ಅಂಚೆ ನೌಕರರು: ಹೋದ ವರ್ಷ ‘2024 ವೈಆರ್4’ ಭೂಮಿಗೆ ಬಡಿಯುತ್ತದೆ ಅಂತ ಸುದ್ದಿ ಬಂತು, ಆಮೇಲೆ ಇಲ್ಲ ಅಂದರು. ಆ ಹೆಸರಿನ ಅರ್ಥ ಏನು? ಯಾಕೆ ಮಾತು ಬದಲಾಯಿಸಿದರು?

ಹಿರಿಯರೇ, ಅದು ಹೆಸರಲ್ಲ, ಪಿನ್‌ಕೋಡ್ ಥರದ ಗುರುತು. ನಿಮಗೆ ಬೇಗ ತಿಳಿಯುತ್ತದೆ. ಇಸವಿ 2024. ವರ್ಷವನ್ನು 24 ಅರ್ಧ ತಿಂಗಳು ಮಾಡಿ ಒಂದೊಂದಕ್ಕೆ ಒಂದು ಇಂಗ್ಲಿಷ್ ಅಕ್ಷರ ಕೊಟ್ಟಿದ್ದಾರೆ. ‘ಎ’ ಅಂದರೆ ಜನವರಿ 1ರಿಂದ 15, ‘ಬಿ’ ಅಂದರೆ 16ರಿಂದ 31, ಹೀಗೆ. ‘ಐ’ ಅಕ್ಷರ ಒಂದು ಅಂತ ಓದಿಸಿಕೊಳ್ಳುತ್ತದೆ, ಅದಕ್ಕೇ ಬಿಟ್ಟಿದ್ದಾರೆ. ಆ ಲೆಕ್ಕದಲ್ಲಿ ‘ವೈ’ ಅಂದರೆ ಡಿಸೆಂಬರ್ ಎರಡನೇ ಅರ್ಧ. ಎರಡನೇ ಅಕ್ಷರ ಆ ಅರ್ಧ ತಿಂಗಳಲ್ಲಿ ಎಷ್ಟನೆಯದು ಅನ್ನುವುದು. ‘ಐ’ ಬಿಟ್ಟರೆ 25 ಅಕ್ಷರ, ‘ಆರ್’ 17ನೆಯದು. 25 ಮುಗಿದರೆ ಮತ್ತೆ ಮೊದಲಿನಿಂದ. ಕೊನೆಯ 4 ಅಂದರೆ ನಾಲ್ಕು ಸುತ್ತು ಮುಗಿದಿದೆ. ನಾಲ್ಕು ಇಪ್ಪತ್ತೈದಲಿ ನೂರು, ಮೇಲೆ 17. ಅಂದರೆ 117ನೆಯದು.

ಮಾತು ಬದಲಾಯಿಸಿದ್ದಲ್ಲ. ಇದು ಮುಖ್ಯ ಪಟ್ಟಿಯದಲ್ಲ, ಭೂಮಿಯ ಹತ್ತಿರ ಬರುವ ಜಾತಿ. ಸಿಕ್ಕ ಹೊಸದರಲ್ಲಿ ಅಳತೆಗಳು ಕಡಿಮೆ, ಕಕ್ಷೆ ಮಸುಕು. 2025ರ ಫೆಬ್ರವರಿಯಲ್ಲಿ 2032ರ ಡಿಕ್ಕಿಯ ಸಾಧ್ಯತೆ 3% ದಾಟಿತ್ತು. ಇನ್ನಷ್ಟು ರಾತ್ರಿ ನೋಡಿದರು, ಕಕ್ಷೆ ಖಚಿತವಾಯಿತು, ಭೂಮಿ ದಾರಿಯಲ್ಲಿಲ್ಲ ಅಂತ ಗೊತ್ತಾಯಿತು. ಟಿವಿಯವರು ಮೊದಲನೆಯದನ್ನು ಕೂಗಿದಷ್ಟು ಜೋರಾಗಿ ಎರಡನೆಯದನ್ನು ಕೂಗಲಿಲ್ಲ ಅಷ್ಟೇ.

ನಿಮ್ಮ ಇಲಾಖೆಯವರೊಬ್ಬರ ಸುದ್ದಿಯನ್ನೂ ಹೇಳಿಬಿಡುತ್ತೇನೆ. 1807ರಲ್ಲಿ ವೆಸ್ಟಾ ಸಿಕ್ಕ ಮೇಲೆ ಹೊಸದೇನೂ ಸಿಗದೆ ಎಲ್ಲರೂ ಕೈಬಿಟ್ಟಿದ್ದರು. ಜರ್ಮನಿಯ ಕಾರ್ಲ್ ಹೆಂಕೆ ಅಂಚೆ ಕಚೇರಿಯಲ್ಲಿದ್ದವರು. ಹವ್ಯಾಸಕ್ಕೆ ಹುಡುಕಲು ಕೂತರು, 15 ವರ್ಷ ಬಿಡಲಿಲ್ಲ. 1845ರ ಡಿಸೆಂಬರ್‌ನಲ್ಲಿ ಐದನೆಯ ಕ್ಷುದ್ರಗ್ರಹ ‘ಅಸ್ಟ್ರೇಯಾ’ ಸಿಕ್ಕಿತು. 1847ರಲ್ಲಿ ಇನ್ನೊಂದು, ಹೀಬಿ. ಅಲ್ಲಿಂದ ಮುಂದೆ ಪ್ರತಿ ವರ್ಷ ಹೊಸದು ಸಿಗತೊಡಗಿದವು.

ಬೈಲಹೊಂಗಲದ ಓದುಗರು: ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಇವರ ಹೆಸರು ಇಡಲು ನಿಯಮದ ಅಡ್ಡಿ ಇದೆಯೇ?

ನೋಡಿ, ಇದು ಕುತೂಹಲದ ಲೆಕ್ಕ. ರಾಜಕೀಯ ಅಥವಾ ಸೈನ್ಯದ ಕೆಲಸದಿಂದ ಹೆಸರಾದವರಾದರೆ ಅವರು ತೀರಿಕೊಂಡು 100 ವರ್ಷ ಆಗಿರಬೇಕು. ಚೆನ್ನಮ್ಮ ನಿಮ್ಮ ಊರಿನ ಕೋಟೆಯಲ್ಲೇ ಸೆರೆಯಲ್ಲಿದ್ದು ತೀರಿಕೊಂಡದ್ದು 1829ರಲ್ಲಿ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಇಬ್ಬರೂ ಪಾಸು.

ಎರಡನೇ ನಿಯಮ: ಹೆಸರು ರೋಮನ್ ಲಿಪಿಯಲ್ಲಿ 16 ಅಕ್ಷರ ಮೀರಬಾರದು. ನಡುವಿನ ಖಾಲಿ ಜಾಗವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಪತ್ರ ಓದಿ ಪೆನ್ನು ಹಿಡಿದು ಎಣಿಸಿದೆ. ರೂಢಿಯಲ್ಲಿ ಬರೆಯುವ ಹಾಗೆ ಬರೆದರೆ ‘ಕಿತ್ತೂರ್’ 6, ಖಾಲಿ 1, ‘ಚೆನ್ನಮ್ಮ’ 9. ಹದಿನಾರು! ‘ಸಂಗೊಳ್ಳಿ’ 8, ಖಾಲಿ 1, ‘ರಾಯಣ್ಣ’ 7. ಅದೂ ಹದಿನಾರು! ಒಂದೇ ಒಂದು ಅಕ್ಷರ ಜಾಸ್ತಿಯಾದರೂ ಹೊರಗೆ. ಆದರೂ ಸಮಿತಿಗೆ ಇಷ್ಟ ಒಂದೇ ಪದದ ಹೆಸರು, ಹಾಗಾಗಿ ಬರೀ ‘ಚೆನ್ನಮ್ಮ’ ಅಂದರೆ ಇನ್ನೂ ಸಲೀಸು. ಉಚ್ಚರಿಸಲು ಬರಬೇಕು, ಯಾರನ್ನೂ ನೋಯಿಸಬಾರದು, ಈಗಾಗಲೇ ಇರುವ ಹೆಸರಿಗೆ ತೀರ ಹತ್ತಿರ ಇರಬಾರದು, ಅಂಗಡಿ ಕಂಪನಿಯ ಜಾಹೀರಾತು ಆಗಬಾರದು.

ಈ 100 ವರ್ಷದ ಕಟ್ಟಳೆ ಒಳ್ಳೆಯದೇ. ಪಿಯಾಜಿ ತನ್ನ ಕಲ್ಲಿಗೆ ಮೊದಲು ಇಟ್ಟ ಹೆಸರು ‘ಸೀರಿಸ್ ಫರ್ಡಿನಾಂಡಿಯಾ’. ಸೀರಿಸ್ ಸಿಸಿಲಿಯವರು ಹಿಂದೆ ನಂಬುತ್ತಿದ್ದ ಬೆಳೆಯ ದೇವತೆ, ಫರ್ಡಿನಾಂಡ್ ಆಗ ಆಳುತ್ತಿದ್ದ ರಾಜ. ರಾಜ ಉದುರಿಹೋದ, ದೇವತೆ ಉಳಿದಳು. ಕಟ್ಟಳೆ ಇಲ್ಲದಿದ್ದರೆ ಇವತ್ತು ಆಕಾಶದ ತುಂಬ ನಮ್ಮ ಮಂತ್ರಿಗಳೇ ಇರುತ್ತಿದ್ದರು.

ಭಾಸ್ಕರಾಚಾರ್ಯರ ಬಗ್ಗೆ ವಿಜಯಪುರದಿಂದ ಮೂರು ನಾಲ್ಕು ಪತ್ರ ಬಂದಿವೆ. ಅವರು ಹುಟ್ಟಿದ್ದು 1114ರಲ್ಲಿ, ನಿಯಮದ ತೊಂದರೆ ಇಲ್ಲ. ಅವರು ಹೇಳಿಕೊಂಡ ‘ವಿಜ್ಜಡವಿಡ’ ನಮ್ಮ ವಿಜಯಪುರವೇ ಅನ್ನುವವರು ಇದ್ದಾರೆ, ಮಹಾರಾಷ್ಟ್ರದ ಪಾಟಣದ ಕಡೆಯದು ಅನ್ನುವವರೂ ಇದ್ದಾರೆ. ಆ ಜಗಳಕ್ಕೆ ಈ ಪುಟ ಸಾಲದು. ಒಂದು ಮಾತು ನೆನಪಿರಲಿ: ಹೆಸರು ಸೂಚಿಸುವ ಹಕ್ಕು ಮೊದಲು ಪತ್ತೆ ಮಾಡಿದವರದ್ದು. ನಂಬರ್ ಸಿಕ್ಕ ಕಲ್ಲುಗಳು 7 ಲಕ್ಷಕ್ಕೂ ಹೆಚ್ಚಿವೆ, ಹೆಸರು ಇರುವುದು ಸುಮಾರು 25 ಸಾವಿರಕ್ಕೆ. ಜಾಗ ಬೇಕಾದಷ್ಟಿದೆ.

ಇಳಕಲ್‌ನ ನಿವೃತ್ತ ಶಿಕ್ಷಕಿ: ನಮ್ಮ ದೇಶದಿಂದ ಯಾವುದಾದರೂ ಪತ್ತೆಯಾಗಿದೆಯೇ?

ಆಗಿದೆ ಅಕ್ಕಾರೆ. 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಿಂದ ನಾರ್ಮನ್ ಪಾಗ್ಸನ್ ಒಂದನ್ನು ಹಿಡಿದರು. ಇಡೀ ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು. ಹೆಸರು ‘ಏಷ್ಯಾ’, ನಂಬರ್ 67. 1866ರಲ್ಲಿ ಅಲ್ಲಿಂದಲೇ ‘ಸಿಲ್ವಿಯಾ’ ಸಿಕ್ಕಿತು. ಅದಕ್ಕೆ ಎರಡು ಪುಟ್ಟ ಚಂದ್ರ ಇವೆ ಅಂತ ಈ ಶತಮಾನದಲ್ಲಿ ಗೊತ್ತಾಯಿತು. 1885ರಲ್ಲಿ ಪಾಗ್ಸನ್‌ರ ‘ವೆರಾ’ ಆದ ಮೇಲೆ ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಂದ ಏನೂ ಇಲ್ಲ. 1988ರ ಫೆಬ್ರವರಿ 17ರಂದು ತಮಿಳುನಾಡಿನ ಕಾವಲೂರಿನಲ್ಲಿ ಆರ್. ರಾಜಮೋಹನ್ ಅವರ ತಂಡಕ್ಕೆ ಸಿಕ್ಕಿದ್ದು ನಂಬರ್ 4130, ‘ರಾಮಾನುಜನ್’. ಕಾವಲೂರು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಇಲ್ಲಿಂದ ಪತ್ತೆಯಾದದ್ದಲ್ಲ, ಆದರೆ ‘1958 ಚಂದ್ರ’ ಅಂತ ಒಂದಿದೆ, ಖಭೌತ ವಿಜ್ಞಾನಿ ಚಂದ್ರಶೇಖರ್ ಅವರ ಹೆಸರಿನದು. 1958 ಇಸವಿ ಅಲ್ಲ, ನಂಬರ್. ಸಿಕ್ಕಿದ್ದು 1970ರಲ್ಲಿ.

ಬೀಳಗಿಯ ಓದುಗರು: ದೂರದರ್ಶಕ ಇಲ್ಲದೆ ಒಂದನ್ನಾದರೂ ನೋಡಬಹುದಾ?

ವೆಸ್ಟಾ ನೋಡಬಹುದು. ಸೂರ್ಯನಿಗೆ ಎದುರು ಬದಿಗೆ ಬಂದಾಗ ಒಳ್ಳೆಯ ಕತ್ತಲಲ್ಲಿ ಬರಿಗಣ್ಣಿನ ಅಂಚಿನಲ್ಲಿರುತ್ತದೆ. 10×50 ಬೈನಾಕ್ಯುಲರ್ ಇದ್ದರೆ ಆರಾಮ. ಆದರೆ ಇದೇ ವೆಸ್ಟಾ ಅಂತ ಹಣೆಪಟ್ಟಿ ಇರುವುದಿಲ್ಲ, ಸುತ್ತಲಿನ ಹತ್ತು ಚುಕ್ಕಿಗಳ ಹಾಗೇ ಅದೂ ಒಂದು. ಹಾಗಾಗಿ ಕಾಗದ, ಪೆನ್ಸಿಲ್ ಬೇಕು. ಕಂಡ ಚುಕ್ಕಿಗಳನ್ನೆಲ್ಲ ಗುರುತು ಮಾಡಿ. ಎರಡು ದಿನ ಬಿಟ್ಟು ಮತ್ತೆ ನೋಡಿ. ಚಂದ್ರನ ಅಗಲದಷ್ಟು ಜಾಗ ಬಿಟ್ಟದ್ದು ಯಾವುದೋ ಅದೇ.

2025ರ ಏಪ್ರಿಲ್ ಕೊನೆಯಲ್ಲಿ, ಅಮಾವಾಸ್ಯೆಯ ಆಚೀಚೆ, ವೆಸ್ಟಾ ತುಲಾ ರಾಶಿಯಲ್ಲಿತ್ತು. ನಮ್ಮ ನವನಗರದ ದೀಪಗಳ ಕೆಳಗೆ ಆಗುವ ಮಾತಲ್ಲ ಅಂತ ಹಳೆ ಊರಿನ ಕಡೆ ಹಿನ್ನೀರಿನ ದಂಡೆಗೆ ಹೋಗಿದ್ದೆ. ಬೈನಾಕ್ಯುಲರನ್ನು ಬೈಕಿನ ಸೀಟಿಗೆ ಒತ್ತಿ ಹಿಡಿದು, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಚುಕ್ಕಿ ಬರೆಯುತ್ತಿದ್ದೆ. ಬಲೆ ಹಾಕಲು ಬಂದವನೊಬ್ಬ ನಿಂತ. “ಇಷ್ಟೊತ್ತಿನ್ಯಾಗ ಏನ್ ಹುಡುಕಾಕತ್ತೀರಿ ಸರ?” “ಒಂದು ಚಿಕ್ಕಿ.” “ಅಷ್ಟ್ ಅದಾವಲ್ರಿ ಮ್ಯಾಲ, ಯಾವುದು?” ಅವನ ಕೈಗೇ ಕೊಟ್ಟು ತೋರಿಸಿದೆ. ಎರಡು ದಿನ ಬಿಟ್ಟು ಹೋದಾಗ ಅವನೂ ಇದ್ದ. ನಾನು ಕಾಗದ ಬಿಚ್ಚುವ ಮೊದಲೇ ಕಣ್ಣಿಗೆ ಹಚ್ಚಿಕೊಂಡು ಹೇಳಿದ: “ಆವತ್ತ ಈ ಎರಡರ ನಡುವ ಇತ್ತಲ್ರಿ, ಹೊರಗ ಬಂದೈತಿ.” ನೀರಿನ ಮೇಲೆ ಬೆಂಡು ಎತ್ತ ಸರಿಯಿತು ಅಂತ ರಾತ್ರಿಯೆಲ್ಲ ನೋಡುವವನಿಗೆ ಕಾಗದ ಬೇಕಾಗಲಿಲ್ಲ.

ವೆಸ್ಟಾ ಹೀಗೆ ಚೆನ್ನಾಗಿ ಕಾಣುವುದು ಒಂದೂವರೆ ವರ್ಷಕ್ಕೆ ಸ್ವಲ್ಪ ಕಡಿಮೆ ಅವಧಿಗೊಮ್ಮೆ. ಮೊಬೈಲಿನಲ್ಲಿ ಯಾವುದಾದರೂ ಆಕಾಶ ನಕ್ಷೆಯ ಆ್ಯಪ್ ಹಾಕಿಕೊಳ್ಳಿ, ಯಾವ ರಾಶಿಯಲ್ಲಿದೆ ಅಂತ ತೋರಿಸುತ್ತದೆ.

ಗೋಕಾಕದ ಓದುಗರು: ಮದುವೆ ವಾರ್ಷಿಕೋತ್ಸವಕ್ಕೆ ಹೆಂಡತಿಯ ಹೆಸರಿನಲ್ಲಿ ಆನ್‌ಲೈನಿನಲ್ಲಿ ಕ್ಷುದ್ರಗ್ರಹ ಕೊಂಡೆ. ಚೌಕಟ್ಟು ಹಾಕಿದ ಪತ್ರ ಬಂದಿದೆ. ಮಾನ್ಯ ಇದೆಯೇ?

ಚೌಕಟ್ಟು ಚೆನ್ನಾಗಿದ್ದರೆ ಗೋಡೆಗೆ ಹಾಕಿ. ಖಗೋಳ ಒಕ್ಕೂಟ ಹೆಸರು ಮಾರುವುದಿಲ್ಲ, ಮಾರಲು ಯಾರಿಗೂ ಹಕ್ಕು ಕೊಟ್ಟಿಲ್ಲ. ಮನೆಯವರಿಗೆ ಹೇಳಬೇಕೋ ಬೇಡವೋ ನೀವೇ ಯೋಚಿಸಿ.

ವಿಜಯಪುರದ ಏಳನೇ ತರಗತಿಯ ಹುಡುಗ: ನಮ್ಮ ಬೆಕ್ಕಿನ ಹೆಸರು ಇಡಬಹುದಾ?

ತಡವಾಯಿತು ತಮ್ಮಾ. 1971ರಲ್ಲಿ ಜೇಮ್ಸ್ ಗಿಬ್ಸನ್ ಎಂಬವರು ಕಂಡುಹಿಡಿದ 2309ನೇ ಕಲ್ಲಿಗೆ ‘ಮಿಸ್ಟರ್ ಸ್ಪಾಕ್’ ಅಂತ ಹೆಸರಿಟ್ಟರು. ಅದು ಅವರ ಬೆಕ್ಕಿನ ಹೆಸರು. ಟಿವಿ ಧಾರಾವಾಹಿಯ ಚೂಪು ಕಿವಿಯ ಪಾತ್ರವೊಂದರ ಹೆಸರನ್ನು ಬೆಕ್ಕಿಗೆ ಇಟ್ಟಿದ್ದರು, ಅದೇ ಆಕಾಶಕ್ಕೂ ಹೋಯಿತು. ದೊಡ್ಡವರೆಲ್ಲ ಮುನಿಸಿಕೊಂಡರು. ಸಾಕುಪ್ರಾಣಿಗಳ ಹೆಸರು ಬೇಡ ಅಂತ ಸಮಿತಿ ಅಂದಿನಿಂದ ಹೇಳುತ್ತಲೇ ಇದೆ. ಮಿಸ್ಟರ್ ಸ್ಪಾಕ್ ಮಾತ್ರ ಮುಖ್ಯ ಪಟ್ಟಿಯಲ್ಲಿ ಈಗಲೂ ಸುತ್ತುತ್ತಿದೆ.